ಕೆಂಪು ಗೀಟಿಲ್ಲದ ಪುಟ

"ಚಹಾ ಆರಾಕತ್ತದ, ಜಮಾದಾರ ಸಾಬ್. ಮೊದ್ಲ ಅದನ್ನ ಕುಡೀರಿ, ಆಮ್ಯಾಲ ಆಡು ನೋಡೀರಂತ," ಎಂದಳು ನಜಮುನ್ನೀಸಾ.

ಖಂಡೆಪ್ಪ ಜಮಾದಾರ ನಾಚಿ ಬಸಿಯನ್ನು ತುಟಿಗೆ ಹಿಡಿದ. ಮೂವತ್ತು ವರ್ಷ ಪೊಲೀಸ್ ಕೆಲಸ ಮಾಡಿದವನು ಒಬ್ಬರ ಮನೆಯಲ್ಲಿ ಕೂತು, ಒಳಕೋಣೆಯ ಬಾಗಿಲಿಗೆ ಅಡ್ಡ ಕಟ್ಟಿದ ಒಂದೇ ಕೋಡಿನ ಕರಿ ಆಡನ್ನು ಹೀಗೆ ಬಾಯಿಬಿಟ್ಟು ನೋಡಬಾರದಿತ್ತು. ಆದರೆ ಅವನ ತಲೆ ಈಚೆಗೆ ಅವನ ಮಾತು ಕೇಳುತ್ತಿರಲಿಲ್ಲ. ಆಡು ಕಂಡರೆ 'ಕಾಬ್ರಾ' ಅನ್ನುತ್ತಿತ್ತು. ಬಾಗಿಲು ಕಂಡರೆ 'ಪುವೆರ್ತಾ'. ಗೂಟಕ್ಕೆ ತೂಗುಬಿಟ್ಟ ರೈಲ್ವೆ ಗಾರ್ಡಿನ ಹಳೇ ಕಂದೀಲು ಕಂಡರೆ 'ಲಾಂಪಾರಾ', ಮೊದಲ ಅಕಾರದ ತಲೆಯ ಮೇಲೆ ಗೀಟು. ಮೂಲೆಯ ಹೊಲಿಗೆ ಮಷೀನು 'ಮಾಕಿನಾ', ಅದಕ್ಕೂ ಗೀಟು.

ಕಂದೀಲಿನ ಪಕ್ಕದಲ್ಲಿ ಗಿಳಿಯಿಲ್ಲದ ಪಂಜರವೊಂದು ನೇತಾಡುತ್ತಿತ್ತು. ಪಂಜರಕ್ಕೆ ಏನನ್ನುತ್ತಾರೋ ಅವನಿಗೆ ತಿಳಿಯದು. ತಿಳಿಯದ್ದಕ್ಕೆ ಸಿಟ್ಟು ಬಂತು.

ಹನ್ನೊಂದು ದಿನದಿಂದ ಅವನು ಸ್ಪ್ಯಾನಿಷ್ ಕಲಿಯುತ್ತಿದ್ದ. ಕಲಿತು ಉದ್ಧಾರವಾಗಬೇಕೆಂದಲ್ಲ. ಈ ನಜಮುನ್ನೀಸಾಳ ಗಂಡ ಬಾಬುಮಿಯಾ ಮಿಸ್ತ್ರಿ ಚಿತ್ತಾಪುರದ ಜೈಲಿನಲ್ಲಿದ್ದ. ಅವನನ್ನು ಅಲ್ಲಿ ಉಳಿಸುವುದೋ ಬಿಡಿಸುವುದೋ ಎಂಬುದು ಸ್ಪ್ಯಾನಿಷ್ ತುಂಬಿದ ಒಂದು ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿತ್ತು.

ಆ ನೋಟ್‌ಬುಕ್ ಅಮೃತಪ್ಪನದು; ಅದರಲ್ಲಿ ಬರೆದಿಟ್ಟ ಶಬ್ದ, ಕಾಯ್ದೆಗಳೇ ಖಂಡೆಪ್ಪನಿಗೂ ಪಾಠ. ಕಾಳಗಿಯಿಂದ ಬಂದು ಶಹಾಬಾದಿನಲ್ಲಿ ಬಾಡಿಗೆ ಕೋಣೆ ಹಿಡಿದಿದ್ದ ಒಂಟಿ ಹುಡುಗ, ಚಂದ್ರಾಮಪ್ಪ ಸಾವುಕಾರನ ಕಲ್ಲಿನ ಕಾರ್ಖಾನೆಯ ಕಾರಕೂನ. ಸಾವುಕಾರ ಮುಂಬಯಿಯ ಬಂದರಿನಿಂದ ಸ್ಪೇನ್ ದೇಶದ ಕಲ್ಲು ಕೊಯ್ಯುವ ಯಂತ್ರ ತರಿಸಿದ. ಯಂತ್ರದ ಜೊತೆ ಬಂದ ಪುಸ್ತಕ ಆ ದೇಶದ ಭಾಷೆಯಲ್ಲಿತ್ತು. ಅದನ್ನು ಓದಿ ಹೇಳಲೆಂದು ಅಮೃತಪ್ಪ ಪ್ರತಿ ಭಾನುವಾರ ವಾಡಿಯ ದವಾಖಾನೆಯಲ್ಲಿದ್ದ ಸ್ಪೇನಿನ ಸಿಸ್ಟರ್ ಹತ್ತಿರ ಪಾಠಕ್ಕೆ ಹೋಗತೊಡಗಿದ.

ಸೆಪ್ಟೆಂಬರ್ ಹದಿನಾಲ್ಕರಂದು ಯಂತ್ರದ ಅಲಗು ಬಿಚ್ಚುವಾಗ ಅದು ಸಿಡಿದು ಭೀಮಶ್ಯಾ ಎಂಬ ಕೂಲಿಯವನು ನಿಂತಲ್ಲೇ ಸತ್ತ. ಬಿಚ್ಚುತ್ತಿದ್ದವನು ಬಾಬುಮಿಯಾ. ಮರುದಿನ ಅಮೃತಪ್ಪ ಕಾಣೆಯಾದ. ಅವನ ಚಪ್ಪಲಿಗಳು ಕಾಗಿಣಾ ನದಿಯ ದಂಡೆಯ ಮೇಲೆ ಸಿಕ್ಕವು, ಅವನು ಸಿಗಲಿಲ್ಲ. ಸಿಸ್ಟರ್ ಕೊಟ್ಟಿದ್ದ ಜೇಬಿನ ನಿಘಂಟೂ ಎಲ್ಲೂ ಸಿಗಲಿಲ್ಲ. ಕಾರ್ಖಾನೆಯ ಅವನ ಮೇಜಿನಲ್ಲಿ ಈ ನೋಟ್‌ಬುಕ್ ಮಾತ್ರ ಇತ್ತು.

ಕೊನೆಯ ಪುಟದಲ್ಲಿ ಯಂತ್ರದ ಎಚ್ಚರಿಕೆ ಇತ್ತು: ಬಿಗಿ ಇಳಿಸದೆ ಅಲಗು ಬಿಚ್ಚಬಾರದು. ಮೇಲೆ ಸ್ಪ್ಯಾನಿಷ್, ಕೆಳಗೆ ಕನ್ನಡ. ಅದರ ಕೆಳಗೆ, 'ಮಿಸ್ತ್ರಿ ಬಾಬುಮಿಯಾಗೆ ಓದಿ ಹೇಳಲಾಗಿದೆ, ೯ ಸೆಪ್ಟೆಂಬರ್.' ಅಕ್ಷರ ಅಮೃತಪ್ಪನದೇ.

ಅದು ನಿಜವಾದರೆ ಬಾಬುಮಿಯಾ ಗೊತ್ತಿದ್ದೂ ಒಬ್ಬನನ್ನು ಕೊಂದ. ಸುಳ್ಳಾದರೆ, ಗೊತ್ತಿಲ್ಲದವನ ಕೈಗೆ ಯಂತ್ರ ಕೊಟ್ಟು ದುಡಿಸಿದ್ದು ಸಾವುಕಾರ. ಸೋಮವಾರದೊಳಗೆ ವರದಿ ಬರೆದು ಕೊಡಬೇಕೆಂದು ಫೌಜದಾರ ಗುರುಲಿಂಗಯ್ಯ ಹೇಳಿಬಿಟ್ಟಿದ್ದ. ಇವತ್ತು ಶನಿವಾರ.

"ಏನಾರೆ ತಪ್ಪು ಸಿಕ್ತೇನ್ರಿ?" ನಜಮುನ್ನೀಸಾ ಕೇಳಿದಳು.

"ಎಲ್ಲಿ ಸಿಗ್ತದ ತಂಗಿ. ಸುಳ್ಳ ಪುಟ ಇದ್ರ ಎಲ್ಲ್ಯಾರೆ ಒಂದ್ ಗೀಟ ತಪ್ಪಿರಬೇಕಂತ ನೋಡ್ದೆ. ಒಂದೂ ತಪ್ಪಿಲ್ಲ."

ಅವಳು ನೋಟ್‌ಬುಕ್ಕಿನತ್ತ ಬಗ್ಗಿದಳು. "ಈ ಗೀಟು ನಮ್ಮ ಉರ್ದು ಅಕ್ಷರದ ಮ್ಯಾಲಿನ ಜಬರ್ ಇದ್ದಂಗ ಅದಲ್ರಿ."

"ನೋಡಾಕ ಹಾಂಗ ಅದ. ನಾನೂ ನಿಜಾಮನ ಕಾಲಕ್ಕ ಉರ್ದು ಸಾಲ್ಯಾಗ ಕಲ್ತಾವ. ಜಬರ್ ಅಂದ್ರ ಜಬರ್, ಮುಗೀತು. ಇವ್ರದು ಹಾಂಗಲ್ಲ. ಶಬ್ದ ಎದರಾಗ ಮುಗೀತದ ನೋಡ್ಬೇಕು. ಯಾವ ಅಕ್ಷರದ ಮ್ಯಾಲ ಒತ್ತು ಬೀಳ್ಬೇಕಂತ ಹಿಂದಿಂದ ಎಣಸ್ಬೇಕು. ಕಾಯ್ದೆ ಪ್ರಕಾರ ನಡದ್ರ ಗೀಟಿಲ್ಲ. ಕಾಯ್ದೆ ಮುರದ ಶಬ್ದದ ತಲಿ ಮ್ಯಾಲ ಒಂದ್ ಲಾಠಿ."

"ಹಂಗಾದ್ರ ನಿಮ್ಮ ಇಲಾಖಾದ ಭಾಷಾನೇ ಆಯ್ತಲ್ರಿ."

ಅವನಿಗೆ ನಗು ಬಂತು, ಬಹಳ ದಿನಕ್ಕೆ. ಅಷ್ಟರಲ್ಲಿ ಒಳಕೋಣೆಯಲ್ಲಿ ಪಾತ್ರೆಯೊಂದು ಉರುಳಿತು. ಆಡು ಹಗ್ಗ ಜಗ್ಗಿತು.

"ಬೆಕ್ಕು," ಎಂದಳು ನಜಮುನ್ನೀಸಾ, ಬೇಕಾದ್ದಕ್ಕಿಂತ ಸ್ವಲ್ಪ ಜೋರಾಗಿ. "ದಿನಾ ಇದರದ್ದೊಂದು ಗೋಳು."

ಅವಳು ಎದ್ದು ಹೋಗಿ ನೋಡಲಿಲ್ಲ. ಅವನು ಬಂದಾಗಿನಿಂದ ಅವನ ಎದುರಿನಿಂದ ಕದಲಿರಲಿಲ್ಲ; ಚಹಾವನ್ನೂ ಇದೇ ಪಡಸಾಲೆಯ ಒಲೆಯ ಮೇಲೆ ಕಾಸಿದ್ದಳು. ಖಂಡೆಪ್ಪ ಬಸಿ ಕೆಳಗಿಟ್ಟು ಮೀಸೆ ಒರೆಸಿಕೊಂಡ. ಊರಿಗೆಲ್ಲ ಗುರುತಿದ್ದ ಮೀಸೆ ಅದು, ಬೆಳ್ಳಗೆ, ಗಲ್ಲದವರೆಗೆ.

"ಸೋಮವಾರ ಬರದು ಕೊಡೂದೊಂದ ಉಳದದ ನಂಗ, ತಂಗಿ. ಏನ್ ಬರೀಲಿ?"

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ಅವನು ಅಂಗಳ ದಾಟುವವರೆಗೂ ಬಾಗಿಲಲ್ಲೇ ನಿಂತಿದ್ದಳು.

*

ಚಂದ್ರಾಮಪ್ಪನ ಕಾರ್ಖಾನೆಯಲ್ಲಿ ಮನುಷ್ಯರು, ಗಿಡ, ನಾಯಿ ಎಲ್ಲ ಒಂದೇ ಬಣ್ಣ. ಕಲ್ಲಿನ ಧೂಳು ಯಾರನ್ನೂ ಬೇರೆ ಮಾಡಿ ನೋಡುವುದಿಲ್ಲ. ಸಾವುಕಾರ ಒಬ್ಬನ ಅಂಗಿ ಮಾತ್ರ ಇಸ್ತ್ರಿ ಮುರಿಯದೆ ಬೆಳ್ಳಗಿತ್ತು.

"ಬರ್ರಿ ಜಮಾದಾರ್ರ, ಕುಂದ್ರಿ. ಸ್ಪೇನಿಗೆ ಟಿಕೀಟ ತಗಸೂದೇನ್ರಿ, ಇಲ್ಲಾ ಇನ್ನಾ ಪಾಠ ಉಳದಾವ?"

"ಯಂತ್ರದ ಪುಸ್ತಕ ಒಂದೀಟ ಕೊಡ್ರಿ, ಸಾವಕಾರ್ರ."

"ಐದನೇ ಸಲ ಆಯ್ತು."

"ಆಗ್ಲಿ ಬಿಡ್ರಿ. ಮಂದಬುದ್ಧಿ."

ಸಾವುಕಾರ ಕಪಾಟಿನಿಂದ ಪುಸ್ತಕ ತೆಗೆದು ಮೇಜಿನ ಮೇಲೆ ಇಟ್ಟ. ಖಂಡೆಪ್ಪ ಅದರ ಪಕ್ಕದಲ್ಲಿ ನೋಟ್‌ಬುಕ್ ಬಿಚ್ಚಿ, ಬೆರಳಿಟ್ಟು ಒಂದೊಂದೇ ಶಬ್ದ ದಾಟಿದ. ಅಚ್ಚಿನಲ್ಲಿ ಎಲ್ಲೆಲ್ಲಿ ಗೀಟಿತ್ತೋ ಅಮೃತಪ್ಪನ ಬರಹದಲ್ಲೂ ಅಲ್ಲಲ್ಲೇ ಇತ್ತು. ಗೀಟುಗಳಿಗೂ ಅದೇ ನೀಲಿ ಶಾಯಿ, ಅದೇ ಕೈ. ಐದು ಸಲ ನೋಡಿದರೂ ತಪ್ಪು ಹುಟ್ಟುವುದಿಲ್ಲ. ಕಣ್ಣು ಉರಿಯತೊಡಗಿತು.

"ಯಾವತ್ತು ಓದಿ ಹೇಳ್ದ ಅಂದ್ರಿ?"

"ಒಂಬತ್ತನೇ ತಾರೀಖ, ಶನಿವಾರ. ಊಟದ ಬಿಡುವಿನಾಗ. ನನ್ನ ಎದುರಿಗೆ."

"ಮತ್ತ್ಯಾರ ಇದ್ರು?"

"ಭೀಮಶ್ಯಾ ಇದ್ದ."

ಖಂಡೆಪ್ಪ ತಲೆಯೆತ್ತಿದ. "ಕೇಳಸ್ಕೊಂಡಾವ ಸತ್ತಾನ. ಬರದಾವ ಹೋಗ್ಯಾನ. ಮಿಸ್ತ್ರಿ ನಾ ಕೇಳೇ ಇಲ್ಲ ಅಂತಾನ. ಹೇಳಾಕ ಉಳದಾವ್ರು ನೀವೊಬ್ಬರ ಆದ್ರಲ್ರಿ."

"ನಾ ಯಾಕ ಹೇಳ್ಬೇಕು? ಪುಟ ಹೇಳ್ತದ." ಸಾವುಕಾರ ನೋಟ್‌ಬುಕ್ಕನ್ನು ತನ್ನತ್ತ ಎಳೆದುಕೊಂಡು ಹಿಂದಿನ ಹಾಳೆಗಳನ್ನು ಸರಸರ ತಿರುವಿದ. ಎಲ್ಲ ಪುಟಗಳಲ್ಲೂ ಶಬ್ದಗಳು ನೀಲಿ, ಅವುಗಳ ತಲೆಯ ಮೇಲಿನ ಗೀಟುಗಳು ಕೆಂಪು ಪೆನ್ಸಿಲಿನವು. "ಇಲ್ನೋಡ್ರಿ, ಎಷ್ಟ್ ಕೆಂಪ ಅದ. ಪ್ರತಿ ಪುಟಕ್ಕೂ ಆ ಸಿಸ್ಟರಮ್ಮ ತಿದ್ದ್ಯಾಳ. ಕಡೀ ಪುಟದಾಗ ಒಂದರೆ ಕೆಂಪ ಅದ ಏನ್ರಿ? ತಪ್ಪಿಲ್ದಂಗ ಬರದಾನ ಹುಡುಗ. ಕಲ್ತು ಮುಗಿಸಿದ್ದ."

ಖಂಡೆಪ್ಪ ತಿಳಿದುಕೊಂಡದ್ದೂ ಹಾಗೆಯೇ. ಈ ಸೀಮೆಯಲ್ಲಿ ಶಾಲೆಯ ಮೆಟ್ಟಿಲು ಹತ್ತಿದ ಯಾರಿಗಾದರೂ ಕೆಂಪು ಬಣ್ಣವೆಂದರೆ ಮಾಸ್ತರರದು. ಅವನ ಉರ್ದು ಶಾಲೆಯ ಮೌಲ್ವಿ ಒಂದೊಂದು ಕೆಂಪು ಗುರುತಿಗೆ ಒಂದೊಂದು ಛಡಿ ಏಟು ಕೊಡುತ್ತಿದ್ದರು.

"ಎರಡ್ ತಿಂಗಳಿಗೆ ರಿಟೈರ್ ಆಗಾವ್ರು ನೀವು," ಸಾವುಕಾರನ ದನಿ ಮೆತ್ತಗಾಯಿತು. "ಈ ವಯಸ್ಸಿನಾಗ ಅ ಆ ಇ ಈ ಯಾಕ್ರಿ? ಫೌಜದಾರ್ರಿಗೆ ಎರಡ್ ಸಾಲ ಬರದು ಕೊಟ್ಟು ಮನೀಗೆ ಹೋಗ್ರಿ."

"ಬರೀತೀನ್ರಿ. ಸಿಸ್ಟರಿಗೆ ಒಂದ್ ಮಾತ ಕೇಳಿ ಬರೀತೀನಿ."

"ಆಕಿ ತನ್ನ ದೇಶಕ್ಕ ಹೋಗ್ಯಾಳ. ತಿರಗಿ ಬರಂಗಿಲ್ಲ."

"ಮುಂಬಯಿಗೆ ಕಣ್ಣಿನ ಆಪರೇಷನ್‌ಗೆ ಹೋಗಿದ್ರು. ನಾಳಿ ಮುಂಜಾನಿ ಗಾಡಿಗೆ ವಾಡಿಯಾಗ ಇಳೀತಾರಂತ."

ಪುಸ್ತಕ ಮುಚ್ಚುತ್ತಿದ್ದ ಸಾವುಕಾರನ ಕೈ ಅರ್ಧಕ್ಕೆ ನಿಂತಿತು. ಆಮೇಲೆ ಮುಚ್ಚಿದ. ಕಪಾಟಿಗೆ ಬೀಗ ಹಾಕುವಾಗ ಬೀಗದ ಕೈ ಎರಡು ಸಲ ತಪ್ಪಿತು.

ಆ ಎರಡು ಸಲವನ್ನು ಖಂಡೆಪ್ಪ ವರದಿಯಲ್ಲಿ ಬರೆಯುವಂತಿರಲಿಲ್ಲ. ಅದೇ ಅವನ ಸಂಕಟ.

*

ಭಾನುವಾರ ವಾಡಿ ದವಾಖಾನೆಯ ಹೊರಗೆ ಆಗಲೇ ಜನ ಕೂತಿದ್ದರು. ಸಿಸ್ಟರ್ ಇನೆಸ್ ಕಪ್ಪು ಕನ್ನಡಕ ಹಾಕಿಕೊಂಡು, ಕುರ್ಚಿಯ ಕೈ ತಡವಿ ಕೂತರು. ಅರವತ್ತು ದಾಟಿದ ಹೆಣ್ಣುಮಗಳು. ಹತ್ತೊಂಬತ್ತು ವರ್ಷದ ಹಿಂದೆ ಬಂದು, ಕನ್ನಡವನ್ನು ದವಾಖಾನೆಯ ಆಯಾ ಮರೆಮ್ಮನಿಂದಲೇ ಕಲಿತವರು. ಹಾಗಾಗಿ ಮಾತೆಲ್ಲ ಮರೆಮ್ಮನದು, ಉಚ್ಚಾರ ಮಾತ್ರ ಅವರದು.

"ಓದಬ್ಯಾಡ ಅಂದಾರ ಡಾಕ್ಟರ್, ಒಂದ್ ತಿಂಗಳ," ಎಂದರು. "ಏನಿದ್ರೂ ನೀವ ಓದ್ರಿ. ನಾ ಕೇಳ್ತೀನಿ."

ಖಂಡೆಪ್ಪ ಕೊನೆಯ ಪುಟ ತೆಗೆದ. "ಇದೊಂದ ಪುಟ ನೀವು ತಿದ್ದಿಲ್ರಿ. ಕೆಂಪಿಲ್ಲ. ತಪ್ಪಿರಲಿಲ್ಲ ಅಂತ ಬಿಟ್ರೋ, ಹೆಂಗ?"

"ನಾ ಯಾವ ಪುಟಾನೂ ತಿದ್ದಿಲ್ಲ."

"ಎಲ್ಲಾ ಪುಟದಾಗ ಕೆಂಪ ಗೀಟ ಅದಾವಲ್ರಿ."

"ನನ್ನ ಕಣ್ಣಿಗೆ ಎರಡ್ ವರ್ಷದಿಂದ ಗೀಟು ಕಾಣಂಗಿಲ್ಲ, ಜಮಾದಾರ್ರ. ನಾ ಹೆಂಗ ತಿದ್ಲಿ?"

ಖಂಡೆಪ್ಪ ಮತ್ತೆ ಆ ಪುಟದ ಮೇಲೆ ಬೆರಳಿಟ್ಟ. ಹನ್ನೊಂದು ದಿನ ತಾನು ಯಾವ ಗೋಡೆಗೆ ತಲೆ ಹೊಡೆದುಕೊಂಡೆನೆಂದು ಈಗ ಹೊಳೆಯುತ್ತಿತ್ತು.

ಸಿಸ್ಟರ್ ಬಿಡಿಸಿ ಹೇಳಿದರು. ಅಮೃತಪ್ಪ ವಾರವೆಲ್ಲ ಶಬ್ದಗಳನ್ನು ಬೋಳಾಗಿ ಬರೆದಿಡುತ್ತಿದ್ದ, ಗೀಟಿಲ್ಲದೆ. ನಿಘಂಟಿನಲ್ಲೇ ಗೀಟು ಕಂಡಿದ್ದರೂ ಹಾಕುತ್ತಿರಲಿಲ್ಲ. ಭಾನುವಾರ ಅವನು ಒಂದೊಂದೇ ಶಬ್ದ ಓದಬೇಕು, ಇವರು ಸರಿಯಾಗಿ ಉಚ್ಚರಿಸಬೇಕು, ಒತ್ತು ಎಲ್ಲಿ ಬಿತ್ತೆಂದು ಕಿವಿಯಿಂದ ಹಿಡಿದು, ಕಾಯ್ದೆಗೆ ಕೂಡುತ್ತದೋ ಇಲ್ಲವೋ ನೋಡಿ, ಅವನೇ ಕೆಂಪು ಪೆನ್ಸಿಲಿನಿಂದ ಗೀಟು ಹಾಕಬೇಕು.

"ಅವನ ಹಠ ಅದು," ಎಂದರು. "ಕೇಳದ ಗೀಟು ನಂದಲ್ರಿ ಅಂತಿದ್ದ."

ಅಂದರೆ ಕೆಂಪಿಲ್ಲದ ಪುಟ ತಪ್ಪಿಲ್ಲದ ಪುಟವಲ್ಲ. ಸಿಸ್ಟರ್ ಹತ್ತಿರ ಬಾರದೇ ಇದ್ದ ಪುಟ.

"ಹತ್ತನೇ ತಾರೀಖ ಐತವಾರ ಬಂದಿದ್ನೇನ್ರಿ?"

"ಬಂದಿದ್ದ. ಮಳಿ, ಛತ್ರಿ, ಕಪ್ಪಿ. ಕಪ್ಪಿ ಅಂತ ಹೇಳಿ ಭಾಳ ನಕ್ಕಿದ್ವಿ. ಮರುದಿನ ನಾ ಮುಂಬಯಿಗೆ ಹೋದೆ."

ಖಂಡೆಪ್ಪ ಒಂದು ಹಾಳೆ ಹಿಂದಕ್ಕೆ ತಿರುವಿದ. ಮಳೆ, ಛತ್ರಿ, ಕಪ್ಪೆ, ಎಲ್ಲ ಅಲ್ಲಿದ್ದವು.

"ಯಂತ್ರದ ಮಾತು?"

"ಯಂತ್ರದ್ದು ಅವತ್ತು ಏನೂ ಇರಲಿಲ್ಲ. ಒಂಬತ್ತಕ್ಕ ಬರದಿದ್ರ ಹತ್ತಕ್ಕ ಓದೇ ಓದ್ತಿದ್ದ. ಒಂದ್ ಶಬ್ದ ಬಿಡಾವಲ್ಲ ಅಂವ."

ಹಾಗಾದರೆ ಆ ಪುಟ ಹತ್ತರ ನಂತರ ಹುಟ್ಟಿದ್ದು. ಯಂತ್ರದ ಪುಸ್ತಕ ಎದುರಿಗಿಟ್ಟು, ಗೀಟು ಸಮೇತ ಒಂದೇ ಕೂಡ್ರಿಕೆಯಲ್ಲಿ ಇಳಿಸಿದ್ದು. ಭೀಮಶ್ಯಾ ಸತ್ತ ಮೇಲೆ, ಯಾರೋ ಪಕ್ಕದಲ್ಲಿ ನಿಂತು ಬರೆಸಿದ್ದು. ಖಂಡೆಪ್ಪನ ಎದೆ ಹಗುರಾಯಿತು, ಮರುಕ್ಷಣವೇ ಭಾರವಾಯಿತು. ಕಣ್ಣು ಕಾಣದ ಸಿಸ್ಟರೊಬ್ಬರ ನೆನಪಿನ ಮಾತನ್ನು ಸಾವುಕಾರನ ವಕೀಲ ಕೋರ್ಟಿನಲ್ಲಿ ಚಿಂದಿ ಮಾಡುತ್ತಾನೆ. ಬರೆದವನ ಬಾಯಿಂದಲೇ ಬರಬೇಕು. ಬರೆದವನು ಕಾಗಿಣಾದ ಪಾಲು.

"ಪಾಪದ ಹುಡುಗ," ಎಂದ. "ಎಷ್ಟ್ ಆಸೆಯಿಂದ ಕಲೀತಿದ್ದ."

"ಕಲೀತಿದ್ದ ಯಾಕಂತೀರಿ? ಕಲೀಲಿಕತ್ತಾನಲ್ರಿ," ಎಂದಳು ಬಾಗಿಲಲ್ಲಿ ನಿಂತಿದ್ದ ಮರೆಮ್ಮ. "ಐತವಾರಕ್ಕೊಂದು ಹಾಳಿ ಬರ್ತದ. ನೀವು ಊರಾಗಿಲ್ಲ ಅಂತ ಎತ್ತಿಟ್ಟೀನಿ, ಸಿಸ್ಟರಮ್ಮ."

ಖಂಡೆಪ್ಪ ಕುರ್ಚಿಯಿಂದ ಎದ್ದಿದ್ದು ಅವನಿಗೇ ತಿಳಿಯಲಿಲ್ಲ.

ಮರೆಮ್ಮ ಔಷಧದ ಚೀಟಿ ಹಾಕುವ ಡಬ್ಬಿಯನ್ನು ತಂದು ಬೋರಲು ಹಾಕಿದಳು. ನಾಲ್ಕು ಹಾಳೆಗಳು, ನಾಲ್ಕಾಗಿ ಮಡಿಸಿದವು. ಹದಿನೇಳರದು, ಇಪ್ಪತ್ತನಾಲ್ಕರದು, ಹೋದ ವಾರದ್ದು, ಇವತ್ತಿನದು. ಎಲ್ಲ ನೀಲಿ ಶಾಯಿ. ಒಂದು ಗೀಟೂ ಇಲ್ಲ.

ಅಮೃತಪ್ಪ ಬದುಕಿದ್ದ. ಸತ್ತವರು ಭಾನುವಾರದ ಪಾಠಕ್ಕೆ ಹಾಳೆ ಕಳಿಸುವುದಿಲ್ಲ.

"ಯಾರ್ ಹಾಕ್ತಾರ ಮರೆಮ್ಮ?"

"ನೋಡಿಲ್ರಿ ಯಪ್ಪಾ. ಪ್ರಾರ್ಥನಾ ಮುಗಿಸಿ ಬರೂದ್ರಾಗ ಡಬ್ಬಿನ್ಯಾಗ ಇರ್ತದ."

"ನಂದೊಂದ್ ನಿಯಮ ಅದ," ಎಂದರು ಸಿಸ್ಟರ್, ಮುಖ ಅರಳಿಸಿ. "ಯಂತ್ರದ್ದೊಂದ ಬಿಟ್ರ, ಪುಸ್ತಕ ನೋಡಿ ಶಬ್ದ ಬರೀಬಾರದು. ಆ ವಾರ ತನ್ನ ಕಣ್ಣಿಂದ ಏನ್ ನೋಡ್ಯಾನ, ಅದನ್ನಷ್ಟ ನಿಘಂಟದಾಗ ಹುಡುಕಿ ಬರೀಬೇಕು. ಓದ್ರಿ, ಏನ್ ನೋಡ್ಯಾನ ಕೇಳೋಣು."

ಖಂಡೆಪ್ಪ ಇವತ್ತಿನ ಹಾಳೆ ಬಿಚ್ಚಿದ. ಕಲಿತದ್ದೆಲ್ಲ ದಂಡ ಎಂದು ನಿನ್ನೆ ರಾತ್ರಿ ಹೆಂಡತಿಯ ಮುಂದೆ ಗೊಣಗಿದ್ದ. ಈಗ ಮೊದಲ ಶಬ್ದ ತಾನಾಗಿ ನಾಲಿಗೆಗೆ ಬಂತು.

"ಕಾಬ್ರಾ. ಆಡು. ಉನ್... ಉನ್ ಅಂದ್ರ ಒಂದು. ಕು-ವೆರ್-ನೋ?"

"ಕೋಡು," ಎಂದರು ಸಿಸ್ಟರ್. "ಒಂದು ಕೋಡು."

ಖಂಡೆಪ್ಪನ ಬೆರಳು ಅಲ್ಲೇ ನಿಂತಿತು. ಆಮೇಲೆ ಬಹಳ ನಿಧಾನವಾಗಿ ಕೆಳಗಿಳಿಯಿತು. ಲಾಂಪಾರಾ. ಮಾಕಿನಾ. ಎರಡಕ್ಕೂ ಗೀಟಿಲ್ಲ, ಎಲ್ಲಿ ಬೀಳಬೇಕೆಂದು ಅವನಿಗೆ ಗೊತ್ತಿತ್ತು.

"ಹೌಲಾ ಅಂದ್ರೇನ್ರಿ?"

"ಪಂಜರ. ಮುಂದಿನ ಶಬ್ದ ಹೇಳ್ರಿ. ಹಾಂ, ಖಾಲಿ. ಖಾಲಿ ಪಂಜರ."

ಗಂಡನನ್ನು ಬಿಡಿಸಿರೆಂದು ಸೆರಗಿನಲ್ಲಿ ಕಣ್ಣೊರೆಸಿದವಳು, ಅವನನ್ನು ಬಿಡಿಸಬಲ್ಲ ಒಬ್ಬನೇ ಮನುಷ್ಯನನ್ನು ತನ್ನ ಒಳಕೋಣೆಯಲ್ಲಿ ಇಟ್ಟುಕೊಂಡಿದ್ದಳು. ಬಾಗಿಲಿಗೆ ಅಡ್ಡ ಆಡು ಕಟ್ಟಿದ್ದಳು. ಮೂರು ವಾರ. ಯಾಕೆ? ಒಂದು ಮಾತು ಹೇಳಿದ್ದರೆ ಬಾಬುಮಿಯಾ ಇಷ್ಟೊತ್ತಿಗೆ ಮನೆಯಲ್ಲಿರುತ್ತಿದ್ದ.

"ನಿಂತ್ರ್ಯಾಕ? ಇನ್ನಾ ಅದಾವೇನು?" ಸಿಸ್ಟರ್ ಕೇಳಿದರು.

ಇದ್ದವು. ಕಟ್ಟಕಡೆಗೆ ಒಂದೇ ಸಾಲಿನಲ್ಲಿ ಒತ್ತೊತ್ತಾಗಿ ನಾಲ್ಕು ಶಬ್ದ. ಮೊದಲನೆಯದನ್ನು ಓದಲು ಯಾವ ನಿಘಂಟೂ ಬೇಕಿರಲಿಲ್ಲ: ಪೊಲೀಸ. ಎರಡನೆಯದು 'ತೇ'. ಚಹಾ. ಮೂರನೆಯದನ್ನು ಅವನು ಅಕ್ಷರ ಬಿಡಿಸಿ ಓದಿದ, "ಬಿ-ಗೋ-ತೇ."

ಸಿಸ್ಟರ್ ನಕ್ಕು ತಮ್ಮ ಮೇಲ್ದುಟಿಯ ಮೇಲೆ ಬೆರಳಾಡಿಸಿ ತೋರಿಸಿದರು.

ಖಂಡೆಪ್ಪನ ಕೈ ತನ್ನ ಮೀಸೆಗೆ ಹೋಯಿತು. ನಿನ್ನೆ ಅವನು ಆಡನ್ನು ನೋಡುತ್ತ ಕೂತಿದ್ದಾಗ, ಆಡಿನ ಹಿಂದಿನ ಬಾಗಿಲ ಸಂದಿನಿಂದ ಎರಡು ಕಣ್ಣು ಅವನನ್ನು ನೋಡುತ್ತಿದ್ದವು. ಪಾತ್ರೆ ಉರುಳಿಸಿದ್ದು ಬೆಕ್ಕಲ್ಲ.

"ಕಡೀ ಶಬ್ದ," ಎಂದ. "ಕು-ಚಿಲ್-ಯೋ."

ಸಿಸ್ಟರ್ ಅವರ ನಗು ನಿಂತಿತು. "ಚೂರಿ."

ಖಂಡೆಪ್ಪ ಹಾಳೆಯನ್ನು ಮಡಿಸಲಿಲ್ಲ, ಕೆಳಗಿಡಲೂ ಇಲ್ಲ. ಪೊಲೀಸ, ಚಹಾ, ಮೀಸೆ, ಚೂರಿ. ಒಂದೇ ಹೊತ್ತಿನಲ್ಲಿ ಕಣ್ಣಿಗೆ ಬಿದ್ದವುಗಳನ್ನು ಹುಡುಗ ಒಂದೇ ಸಾಲಿನಲ್ಲಿ ಇಟ್ಟಿದ್ದ. ಆದರೆ ನಜಮುನ್ನೀಸಾ ಅಷ್ಟು ಹೊತ್ತೂ ಅವನ ಎದುರಿಗೇ ಕೂತಿದ್ದಳು. ಅವಳ ಎರಡೂ ಕೈಗಳನ್ನು ಅವನು ನೋಡಿದ್ದ. ಒಂದು ಬಸಿ ಕೊಟ್ಟಿತ್ತು, ಇನ್ನೊಂದು ಸೆರಗು ಹಿಡಿದಿತ್ತು.

ಹಾಗಾದರೆ ಅವಳು ಮೂರು ವಾರ ಬಾಯಿ ಬಿಡದಂತೆ, ಒಳಗೆ ಅಮೃತಪ್ಪನ ಪಕ್ಕದಲ್ಲಿ, ಚೂರಿ ಹಿಡಿದು ನಿಂತಿದ್ದ ಕೈ ಯಾರದು?